ಬೆನ್ನುನೋವಿಗೆ ಕೈ ಮತ್ತು ಸೂಜಿ: ಮೊದಲ ಭೇಟಿಗೆ ಸಿದ್ಧತೆ

ಪ್ರತಿ ವರ್ಷವೂ ನಮ್ಮ ನಾಡಿನಿಂದ ಅನೇಕ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳುತ್ತಾರೆ. ಹಾಗೆ ಹೋದ ತರುಣನೊಬ್ಬನಿಗೆ ಅಲ್ಲಿನ ಎರಡನೆಯ ಚಳಿಗಾಲದಲ್ಲಿ ಬೆನ್ನು ನೋಯತೊಡಗಿತೆಂದು ಭಾವಿಸೋಣ. ದಿನವಿಡೀ ಕುರ್ಚಿಯಲ್ಲಿ ಕುಳಿತು ಓದುವವನು. ನೋವಿನ ಕಾರಣವನ್ನು ಬಹು ದೂರ ಹುಡುಕಬೇಕಾಗಿಲ್ಲವೆಂದು ತಾನೇ ತೀರ್ಮಾನಿಸಿಬಿಡುತ್ತಾನೆ. ಅವನ ಕೊಠಡಿಯಿರುವ ಬೀದಿಯ ಮೂಲೆಯಲ್ಲಿ ‘ಆಸ್ಟಿಯೋಪತಿ ಮತ್ತು ಅಕ್ಯುಪಂಕ್ಚರ್ ಚಿಕಿತ್ಸಾಲಯ’ ಎಂಬ ಫಲಕವಿದೆ. ಇಂಥ ಫಲಕಗಳು ಆ ದೇಶದ ಅನೇಕ ಊರುಗಳಲ್ಲಿ ಉಂಟು. ಸಹಪಾಠಿಯೊಬ್ಬನು ಅಲ್ಲಿಗೆ ಹೋಗಿ ಗುಣವಾಯಿತೆಂದು ಹೇಳುತ್ತಾನೆ. ನಮ್ಮ ತರುಣನು ಮುಂದಿನ ಮಂಗಳವಾರಕ್ಕೆ ಸಮಯವನ್ನು ಗೊತ್ತುಮಾಡಿಕೊಳ್ಳುತ್ತಾನೆ. ಹೋಗುವ ಮುನ್ನ ಅವನು ತಿಳಿದಿರಬೇಕಾದುದೇನು? ಸಿದ್ಧಪಡಿಸಿಕೊಳ್ಳಬೇಕಾದುದೇನು?

ಒಂದೇ ಫಲಕದಲ್ಲಿ ಕಾಣಿಸಿಕೊಂಡರೂ ಈ ಎರಡು ವಿದ್ಯೆಗಳು ಒಂದೇ ತಾಯಿಯ ಮಕ್ಕಳಲ್ಲ. ಆಸ್ಟಿಯೋಪತಿಯ ಜನಕನು ಅಮೆರಿಕದ ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯನು. 1864ರಲ್ಲಿ ಮಿದುಳುಪೊರೆಯ ಉರಿಯೂತವು ಅವನ ಮನೆಯನ್ನು ಹೊಕ್ಕು ಮೂವರು ಮಕ್ಕಳನ್ನು ಕೊಂಡೊಯ್ದಿತು. ಪಾದರಸದ ಸಂಯುಕ್ತಗಳನ್ನೂ ಮದ್ಯಸಾರವನ್ನೂ ಔಷಧವೆಂದು ಕುಡಿಸುತ್ತಿದ್ದ ಅಂದಿನ ವೈದ್ಯಕದಲ್ಲಿ ಅವನಿಗಿದ್ದ ನಂಬಿಕೆ ಕುಸಿಯಿತು. ಎಲುಬು ಕೀಲುಗಳು ತಮ್ಮ ನೆಲೆಯಿಂದ ಕದಲಿದರೆ ರಕ್ತಸಂಚಾರವು ಕೆಟ್ಟು ರೋಗವುಂಟಾಗುವುದೆಂದೂ, ಅವನ್ನು ಕೈಯಿಂದಲೇ ಸರಿಪಡಿಸಬಹುದೆಂದೂ ಅವನು 1874ರಲ್ಲಿ ಸಾರಿದನು. 1892ರಲ್ಲಿ ಮಿಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಶಾಲೆಯನ್ನು ತೆರೆದನು. ಸಕಲ ರೋಗಗಳಿಗೂ ಎಲುಬೇ ಮೂಲವೆಂಬ ಮಾತನ್ನು ವಿಜ್ಞಾನವು ಒಪ್ಪಿಲ್ಲ. ಅಮೆರಿಕದಲ್ಲಿ ಅವನ ಪರಂಪರೆಯವರು ಕ್ರಮೇಣ ಇತರ ವೈದ್ಯರಂತೆಯೇ ಔಷಧ, ಶಸ್ತ್ರಚಿಕಿತ್ಸೆಗಳನ್ನೆಲ್ಲ ಕಲಿತ ಪೂರ್ಣ ವೈದ್ಯರಾದರು. ಬ್ರಿಟನ್ನಿನಲ್ಲಿ ಮಾತ್ರ ಕೈಯಿಂದ ಚಿಕಿತ್ಸೆ ಮಾಡುವವರಾಗಿಯೇ ಉಳಿದರು.

ಅಕ್ಯುಪಂಕ್ಚರ್ ಚೀಣಾ ದೇಶದ್ದು. ಎರಡು ಸಾವಿರ ವರ್ಷಗಳಿಗೂ ಹಳೆಯದು. ‘ಚೀ’ ಎಂಬ ಶಕ್ತಿಯು ದೇಹದ ನಾಳಗಳಲ್ಲಿ ಹರಿಯುತ್ತದೆ, ಹರಿವು ಕೆಟ್ಟಾಗ ಗೊತ್ತಾದ ಬಿಂದುಗಳಲ್ಲಿ ಸೂಜಿ ಚುಚ್ಚಿ ಅದನ್ನು ಸರಿಪಡಿಸಬಹುದು ಎಂಬುದು ಅದರ ತತ್ತ್ವ. ಸಾಂಪ್ರದಾಯಿಕ ಬಿಂದುಗಳ ಸಂಖ್ಯೆ 361. ಅಂಗರಚನಾಶಾಸ್ತ್ರವು ಅಂಥ ನಾಳಗಳನ್ನು ಎಲ್ಲಿಯೂ ಕಂಡಿಲ್ಲ. 1971ರಲ್ಲಿ ಪೀಕಿಂಗಿಗೆ ಹೋಗಿದ್ದ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ನನಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಅನಂತರದ ಹೊಟ್ಟೆಯ ಸಂಕಟಕ್ಕೆ ಅಲ್ಲಿಯವರು ಸೂಜಿ ಚುಚ್ಚಿದರು. ಅವನು ಬರೆದ ಲೇಖನದಿಂದ ಪಾಶ್ಚಾತ್ಯರಲ್ಲಿ ಈ ವಿದ್ಯೆಯ ಬಗ್ಗೆ ಭಾರಿ ಕುತೂಹಲ ಹುಟ್ಟಿತು. ಶಸ್ತ್ರಚಿಕಿತ್ಸೆಯನ್ನೇ ಸೂಜಿಯ ಬಲದಿಂದ ನೋವಿಲ್ಲದೆ ಮಾಡಿದರೆಂದು ಇಂದಿಗೂ ಹೇಳುವವರುಂಟು. ಅದು ತಪ್ಪು, ಆಗ ಕೊಟ್ಟದ್ದು ಸಾಮಾನ್ಯವಾದ ಅರಿವಳಿಕೆಯ ಮದ್ದನ್ನೇ. ನಮ್ಮ ದೇಶಕ್ಕೆ ಈ ವಿದ್ಯೆ ಅದಕ್ಕೂ ಮುಂಚೆಯೇ ಬಂದಿತ್ತು. 1938ರಲ್ಲಿ ಸೊಲ್ಲಾಪುರದ ಡಾಕ್ಟರ್ ಕೋಟ್ನಿಸರೊಡನೆ ಚೀಣಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿದ್ದ ಡಾಕ್ಟರ್ ಬಸು ಅವರು 1950ರ ದಶಕದ ಕೊನೆಯ ಭಾಗದಲ್ಲಿ ಅದನ್ನು ಕಲಿತು ಕಲಕತ್ತೆಯಲ್ಲಿ ಆಚರಣೆಗೆ ತಂದರು.

ಇನ್ನು ಮಂಗಳವಾರದ ಭೇಟಿಗೆ ಬರೋಣ. ಚಿಕಿತ್ಸಕನು ಯಾರು ಎಂಬುದನ್ನು ಮನೆಯಲ್ಲಿಯೇ ಕುಳಿತು ವಿಚಾರಿಸಬಹುದು. ಬ್ರಿಟನ್ನಿನಲ್ಲಿ 1993ರ ಶಾಸನದ ಮೇರೆಗೆ, ಜನರಲ್ ಆಸ್ಟಿಯೋಪತಿಕ್ ಕೌನ್ಸಿಲಿನ ಪಟ್ಟಿಯಲ್ಲಿ ಹೆಸರಿಲ್ಲದವನು ತನ್ನನ್ನು ಆಸ್ಟಿಯೋಪಾತ್ ಎಂದು ಕರೆದುಕೊಳ್ಳುವುದು ಅಪರಾಧ. ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಸೂಜಿ ಚಿಕಿತ್ಸಕರಿಗೆ ಅಂಥ ಶಾಸನದ ಕಟ್ಟು ಇಲ್ಲ. ಬ್ರಿಟಿಷ್ ಅಕ್ಯುಪಂಕ್ಚರ್ ಕೌನ್ಸಿಲ್ ಮೊದಲಾದ ಸಂಘಗಳ ಪಟ್ಟಿಗೆ ಅವರು ಸ್ವಇಚ್ಛೆಯಿಂದ ಸೇರುತ್ತಾರೆ. ಆದುದರಿಂದ ಒಂದೇ ಮನೆಯಲ್ಲಿ ಇಬ್ಬರು ಚಿಕಿತ್ಸಕರಿದ್ದರೆ ಇಬ್ಬರ ಹೆಸರನ್ನೂ ಬೇರೆ ಬೇರೆಯಾಗಿ ನೋಡುವುದು ಮೇಲು.

ಮೊದಲ ಭೇಟಿಯು ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನಡೆಯುತ್ತದೆ. ಅದರಲ್ಲಿ ಬಹುಪಾಲು ಮಾತಿಗೇ ಹೋಗುತ್ತದೆ. ತರುಣರಿಗೆ ಇದು ಬೇಸರ. ಬೆನ್ನನ್ನು ಸರಿಪಡಿಸಬೇಕಾದವನು ತಾತನ ಕಾಯಿಲೆಯನ್ನೇಕೆ ಕೇಳಬೇಕು? ಹೀಗೆ ಯೋಚಿಸಿ ಅವಸರದ ಉತ್ತರ ಕೊಡುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇಡೀ ಭೇಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಭಾಗ ಇದೇ. ಅದಕ್ಕೆ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಬೆನ್ನುನೋವುಗಳಲ್ಲಿ ಬಹುತೇಕ ಎಲ್ಲವೂ ನಿರಪಾಯವಾದವು. ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ನೂರರಲ್ಲಿ ಒಂದೋ ಎರಡೋ ಮಾತ್ರ ಬೇರೊಂದು ಗಂಭೀರ ರೋಗದ ನೆರಳಾಗಿರುತ್ತವೆ. ನಮ್ಮವರ ಮಟ್ಟಿಗೆ ಅವುಗಳಲ್ಲಿ ಮುಖ್ಯವಾದುದು ಬೆನ್ನೆಲುಬಿನ ಕ್ಷಯ. ಕ್ಷಯವೆಂದರೆ ಕೆಮ್ಮು ಮತ್ತು ರಕ್ತ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಆದರೆ ಶ್ವಾಸಕೋಶದಿಂದ ರಕ್ತದ ಮೂಲಕ ಹರಡಿದ ಕ್ಷಯಾಣುಗಳು ಬೆನ್ನಿನ ಮಣಿಗಳಲ್ಲಿ ನೆಲೆಸಿ, ವರ್ಷಗಟ್ಟಲೆ ಮಲಗಿದ್ದು, ಮೈ ಸೊರಗಿದಾಗ ಎಚ್ಚತ್ತು ಮೂಳೆಯನ್ನು ತಿನ್ನತೊಡಗಬಹುದು. 1779ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬಾತನು ಇದನ್ನು ವರ್ಣಿಸಿದುದರಿಂದ ಪಾಟ್ಟನ ರೋಗವೆಂದೇ ಇದಕ್ಕೆ ಹೆಸರು. ಭಾರತದಿಂದ ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿನಲ್ಲಿರಲು ಹೋಗುವವರು ಪ್ರವೇಶ ಪತ್ರಕ್ಕಾಗಿ ಎದೆಯ ಎಕ್ಸ್-ರೇ ತೆಗೆಸಿಕೊಳ್ಳಬೇಕೆಂಬ ನಿಯಮವಿದೆ. ನಮ್ಮ ತರುಣನೂ ತೆಗೆಸಿಕೊಂಡಿದ್ದಾನೆ, ಅದು ನಿರ್ಮಲವಾಗಿತ್ತು. ಆ ಚಿತ್ರವು ಅಂದಿನ ಎದೆಯ ಸ್ಥಿತಿಯನ್ನು ಹೇಳಿತೇ ಹೊರತು, ಮುಂದೆ ಬೆನ್ನಿನ ಮಣಿಯಲ್ಲಿ ಏಳಬಹುದಾದ ರೋಗವನ್ನು ಹೇಳಲಾರದು.

ಸಾಧಾರಣ ನೋವು ಕೆಲಸ ಮಾಡಿದಾಗ ಹೆಚ್ಚಿ ಮಲಗಿದಾಗ ಇಳಿಯುತ್ತದೆ. ಕ್ಷಯದ ನೋವು ವಾರವಾರಕ್ಕೂ ಬಲಿಯುತ್ತದೆ, ರಾತ್ರಿಯಲ್ಲಿಯೂ ಬಿಡುವುದಿಲ್ಲ. ಸಂಜೆಯ ಸಣ್ಣ ಜ್ವರ, ನಿದ್ದೆಯಲ್ಲಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಇವು ಜೊತೆಗೂಡಬಹುದು. ಪರದೇಶದ ಅಡಿಗೆ ಒಗ್ಗದೆ ತೂಕ ಇಳಿಯಿತೆಂದೂ, ಹೊದಿಕೆ ಹೆಚ್ಚಾಗಿ ಬೆವರಿತೆಂದೂ ತರುಣನು ತನಗೆ ತಾನೇ ಸಮಾಧಾನ ಹೇಳಿಕೊಂಡಿರುತ್ತಾನೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಚಿಕ್ಕಪ್ಪನಿಗೆ ಕ್ಷಯವಾಗಿದ್ದುದನ್ನು ಹೇಳಲು ನಾಚಿಕೊಳ್ಳುತ್ತಾನೆ. ಅವನು ಇದನ್ನೆಲ್ಲ ಮುಚ್ಚಿಟ್ಟರೆ, ರೋಗ ತಿಂದು ಟೊಳ್ಳಾದ ಮಣಿಯ ಮೇಲೆ ಚಿಕಿತ್ಸಕನು ಕೈಯ ಬಲವನ್ನು ಪ್ರಯೋಗಿಸಿಯಾನು. ಮಣಿ ಕುಸಿದರೆ ಅದರ ಹಿಂದೆಯೇ ಇರುವ ಮಿದುಳುಬಳ್ಳಿ ಅದುಮಿಹೋಗುತ್ತದೆ, ಕಾಲುಗಳು ಬಿದ್ದುಹೋಗಬಹುದು. ಬಾಯಿಬಿಟ್ಟು ಹೇಳಿದರೆ ಬಲ್ಲ ಆಸ್ಟಿಯೋಪಾತನು ಬೆನ್ನನ್ನು ಮುಟ್ಟುವುದಕ್ಕೆ ಬದಲಾಗಿ ವೈದ್ಯರಿಗೊಂದು ಪತ್ರ ಬರೆದುಕೊಡುತ್ತಾನೆ. ಕ್ಷಯದ ಚಿಕಿತ್ಸೆ ಆ ದೇಶದಲ್ಲಿ ಎಲ್ಲರಿಗೂ ಉಚಿತ. ಆರು ತಿಂಗಳೋ ಇನ್ನೂ ಹೆಚ್ಚೋ ಮಾತ್ರೆಗಳನ್ನು ತಪ್ಪದೆ ನುಂಗಿದರೆ ರೋಗ ವಾಸಿಯಾಗುತ್ತದೆ.

ಹೀಗಾಗಿ ಹಿಂದಿನ ರಾತ್ರಿ ಒಂದು ಕಾಗದದ ಮೇಲೆ ಬರೆದಿಡಬೇಕಾದ ಸಂಗತಿಗಳಿವೆ: ನೋವು ಎಂದು ಮೊದಲಾಯಿತು, ಯಾವುದರಿಂದ ಹೆಚ್ಚುತ್ತದೆ, ರಾತ್ರಿ ಎಬ್ಬಿಸುತ್ತದೆಯೇ, ಹಿಂದೆ ಆದ ರೋಗ, ಪೆಟ್ಟು, ಶಸ್ತ್ರಚಿಕಿತ್ಸೆಗಳು ಯಾವುವು, ಸೇವಿಸುವ ಔಷಧಗಳು ಯಾವುವು. ಊರಿನಿಂದ ಅಮ್ಮ ಕಳುಹಿಸಿದ ಚೂರ್ಣ ಲೇಹ್ಯಗಳೂ ಈ ಪಟ್ಟಿಗೆ ಸೇರಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ, ಸುಲಭವಾಗಿ ರಕ್ತಸ್ರಾವವಾಗುವ ಗುಣ, ಮೂರ್ಛೆರೋಗ, ಗರ್ಭ, ನಿಕ್ಕಲ್ ಲೋಹ ಮೈಗೆ ಒಗ್ಗದಿರುವುದು ಇವು ಸೂಜಿ ಚಿಕಿತ್ಸಕನಿಗೆ ಅತ್ಯಗತ್ಯ. ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರಿಗೆ ಸೂಜಿಯ ಮೂಲಕ ವಿದ್ಯುತ್ತನ್ನು ಹರಿಸುವ ವಿಧಾನ ಸಲ್ಲದು.

ಮಾತು ಮುಗಿದ ಮೇಲೆ ಪರೀಕ್ಷೆ. ಆಸ್ಟಿಯೋಪಾತನು ನಿಲ್ಲಿಸಿ, ಬಗ್ಗಿಸಿ, ತಿರುಗಿಸಿ ನೋಡುತ್ತಾನೆ. ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾನೆ. ಮಲಗಿಸಿ ಕಾಲನ್ನು ನೀಳವಾಗಿಯೇ ಮೇಲೆತ್ತುತ್ತಾನೆ. ಇದಕ್ಕಾಗಿ ಹೊರ ಉಡುಪನ್ನು ತೆಗೆಯಬೇಕಾಗಬಹುದು. ಸಂಕೋಚವುಳ್ಳವರು ಸಡಿಲವಾದ ಚಡ್ಡಿಯನ್ನು ಒಯ್ಯಬಹುದು, ಜೊತೆಗೊಬ್ಬರನ್ನು ಕೋಣೆಯಲ್ಲಿ ಇರಿಸಿಕೊಳ್ಳಬೇಕೆಂದು ಕೇಳಬಹುದು; ಕೇಳುವುದು ಅವಮರ್ಯಾದೆಯಲ್ಲ. ಯಾವ ಚಿಕಿತ್ಸೆಯನ್ನಾದರೂ ಬೇಡವೆನ್ನುವ ಹಕ್ಕು ರೋಗಿಗೆ ಕೊನೆಯ ಕ್ಷಣದವರೆಗೂ ಇರುತ್ತದೆ.

ಕೀಲನ್ನು ಥಟ್ಟನೆ ತಿರುಗಿಸಿದಾಗ ಕೇಳಿಬರುವ ‘ಲಟಕ್’ ಸದ್ದನ್ನು ಎಲುಬು ಸ್ವಸ್ಥಾನಕ್ಕೆ ಬಂದ ಸದ್ದೆಂದು ಅನೇಕರು ನಂಬುತ್ತಾರೆ. ಇದು ನಾವು ಬೆರಳ ನೆಟಿಗೆ ಮುರಿಯುವಾಗ ಆಗುವ ಸದ್ದೇ. ಕೀಲಿನೊಳಗೆ ಜಾರುದ್ರವದ ತೆಳುವಾದ ಪದರವಿದೆ. ಎರಡು ಎಲುಬುಗಳು ಥಟ್ಟನೆ ಅಗಲಿದಾಗ ಒಳಗಿನ ಒತ್ತಡ ಕುಸಿದು ಅಲ್ಲೊಂದು ಅನಿಲದ ಕುಹರ ಉಂಟಾಗುತ್ತದೆ. ಸದ್ದು ಗುಳ್ಳೆ ಒಡೆಯುವುದರಿಂದ ಆಗುವುದೆಂದು 1971ರಲ್ಲಿ ಒಂದು ವಾದ ಹುಟ್ಟಿತ್ತು. 2015ರಲ್ಲಿ ಕೆನಡದ ಆಲ್ಬರ್ಟ ವಿಶ್ವವಿದ್ಯಾನಿಲಯದವರು ಕಾಂತೀಯ ಅನುರಣನ ಯಂತ್ರದೊಳಗೆ ಬೆರಳನ್ನು ಎಳೆದು ಚಿತ್ರ ತೆಗೆದಾಗ, ಕುಹರವು ಹುಟ್ಟುವ ಗಳಿಗೆಯಲ್ಲಿಯೇ ಸದ್ದಾದುದೂ, ಆಮೇಲೆಯೂ ಅದು ಉಳಿದಿದ್ದುದೂ ಕಂಡಿತು. ಸದ್ದಾಗದಿದ್ದರೆ ಚಿಕಿತ್ಸೆ ಫಲಿಸಲಿಲ್ಲವೆಂದು ಕೊರಗುವುದಕ್ಕೆ ಆಧಾರವಿಲ್ಲ. ಕತ್ತಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಕ್ಷೌರ ಮುಗಿಸಿ ಕತ್ತನ್ನು ಲಟಕ್ಕೆನಿಸುವ ಪದ್ಧತಿ ನಮ್ಮಲ್ಲಿಯೂ ಉಂಟು. ಮಿದುಳಿಗೆ ರಕ್ತ ಒಯ್ಯುವ ಧಮನಿಗಳು ಅಲ್ಲಿಯೇ ಸಾಗುತ್ತವೆ. ಬಹು ಅಪರೂಪವಾಗಿಯಾದರೂ ಅವುಗಳ ಒಳಪದರ ಹರಿದು ಪಕ್ಷವಾತವಾದ ನಿದರ್ಶನಗಳಿವೆ. ಕತ್ತನ್ನು ಥಟ್ಟನೆ ತಿರುಗಿಸುವುದು ಬೇಡವೆಂದರೆ ಮೃದುವಾದ ಬೇರೆ ವಿಧಾನಗಳು ದೊರೆಯುತ್ತವೆ.

ಸೂಜಿಗೆ ಹೆದರುವವರು ಒಂದು ಲೆಕ್ಕವನ್ನು ನೋಡಬೇಕು. ರಕ್ತ ತೆಗೆಯುವ ಸೂಜಿಯ ದಪ್ಪ ಸುಮಾರು 0.8 ಮಿಲಿಮೀಟರ್, ಅಕ್ಯುಪಂಕ್ಚರಿನದು ಸಾಮಾನ್ಯವಾಗಿ 0.25 ಮಿಲಿಮೀಟರ್. ಅಡ್ಡಕೊಯ್ತದ ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾದ್ದರಿಂದ ಇದು ಅದರ ಹತ್ತರಲ್ಲಿ ಒಂದು ಪಾಲು ಮಾತ್ರ. ಹಸಿದ ಹೊಟ್ಟೆಯಲ್ಲಿ ಹೋದರೆ ತಲೆಸುತ್ತು ಬರುವುದುಂಟು. ಒಂದೆರಡು ಗಂಟೆ ಮೊದಲು ಹಗುರವಾಗಿ ಉಂಡು ಹೋಗಬೇಕು. ತೋಳು, ಕಾಲುಗಳನ್ನು ಮಡಚಿಕೊಳ್ಳಬಹುದಾದ ಸಡಿಲ ಉಡುಪು ಅನುಕೂಲ. ಚೀಣೀ ಸಂಪ್ರದಾಯದವರು ಎರಡು ಮಣಿಕಟ್ಟುಗಳಲ್ಲಿಯೂ ನಾಡಿಯನ್ನು ಹಿಡಿದು ನಾಲಗೆಯ ಬಣ್ಣವನ್ನು ನೋಡುತ್ತಾರೆ. ಕಾಫಿ ಕುಡಿದೋ ಎಲೆಯಡಿಕೆ ಹಾಕಿಕೊಂಡೋ ಹೋದವನ ನಾಲಗೆ ಅವರಿಗೆ ಏನು ಹೇಳೀತು! ಪ್ರತಿ ರೋಗಿಗೂ ಹೊಸ ಸೂಜಿ ಕಟ್ಟು ಒಡೆಯುವುದನ್ನು ಕಣ್ಣಾರೆ ನೋಡಬೇಕು. 1977ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪ್ರಾಂತದಲ್ಲಿ ಅಶುದ್ಧವಾದ ಸೂಜಿಗಳಿಂದಲೇ ಕಾಮಾಲೆ ಹರಡಿತ್ತು. ಒಮ್ಮೆ ಬಳಸಿ ಎಸೆಯುವ ಸೂಜಿ ರೂಢಿಯಾದ ಮೇಲೆ, 2001ರಲ್ಲಿ ಬ್ರಿಟನ್ನಿನ ಒಂದು ಸಮೀಕ್ಷೆಯು ಸುಮಾರು 34,000 ಚಿಕಿತ್ಸೆಗಳನ್ನು ಗಮನಿಸಿ ಒಂದು ಗಂಭೀರ ಅಪಾಯವನ್ನೂ ಕಾಣಲಿಲ್ಲ.

ಹಾಗಾದರೆ ಸೂಜಿಯಿಂದ ಗುಣವಾಗುವುದೇ? ಇದನ್ನು ಪರೀಕ್ಷಿಸುವುದೇ ಕಷ್ಟ, ಏಕೆಂದರೆ ಹುಸಿಮಾತ್ರೆಯಂತೆ ಹುಸಿಸೂಜಿಯನ್ನು ಮಾಡುವುದು ಸುಲಭವಲ್ಲ. 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಎಂಬ ವೈದ್ಯನು ನಾಟಕದ ಕಠಾರಿಯಂತೆ ಚರ್ಮ ಸೋಕಿದೊಡನೆ ಹಿಡಿಯೊಳಗೆ ಸರಿಯುವ ಸೂಜಿಯನ್ನು ರಚಿಸಿದನು. ಬೇರೊಂದು ಉಪಾಯವೆಂದರೆ ಶಾಸ್ತ್ರೋಕ್ತವಲ್ಲದ ಜಾಗಗಳಲ್ಲಿ ಮೇಲೆಮೇಲೆ ಚುಚ್ಚುವುದು. ಜರ್ಮನಿಯಲ್ಲಿಯೇ ಬಹುಕಾಲದ ಬೆನ್ನುನೋವಿನ 1,162 ರೋಗಿಗಳ ಮೇಲೆ ಹೀಗೆ ನಡೆದ ಪ್ರಯೋಗದ ಫಲ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ಮೇಲೆ ನಿಜಸೂಜಿಯವರಲ್ಲಿ ಶೇಕಡಾ 47.6, ಹುಸಿಸೂಜಿಯವರಲ್ಲಿ ಶೇಕಡಾ 44.2, ಔಷಧ ವ್ಯಾಯಾಮಾದಿ ಸಾಮಾನ್ಯ ಚಿಕಿತ್ಸೆಯವರಲ್ಲಿ ಶೇಕಡಾ 27.4 ಜನ ಸುಧಾರಿಸಿದ್ದರು. ಸೂಜಿಯ ಪರವಾದವರು ಮೊದಲನೆಯ ಮತ್ತು ಮೂರನೆಯ ಅಂಕಿಗಳನ್ನು ಎತ್ತಿ ಹಿಡಿಯುತ್ತಾರೆ, ವಿರೋಧಿಗಳು ಮೊದಲೆರಡನ್ನು. ಚುಚ್ಚುವ ಜಾಗ ಮುಖ್ಯವಲ್ಲವೆಂಬುದಂತೂ ಸ್ಪಷ್ಟ. ನಿರೀಕ್ಷೆ, ಆರೈಕೆ, ಅರ್ಧ ಗಂಟೆಯ ವಿಶ್ರಾಂತಿ ಇವುಗಳ ಪಾಲು ದೊಡ್ಡದಿರಬೇಕೆಂದು ನನಗೆ ತೋರುತ್ತದೆ. ಚಿಕಿತ್ಸೆಗಳನ್ನು ತೂಗಿ ನೋಡುವ ಬ್ರಿಟನ್ನಿನ ನೈಸ್ ಸಂಸ್ಥೆಯು 2016ರಲ್ಲಿ ಕೆಳಬೆನ್ನಿನ ನೋವಿಗೆ ಅಕ್ಯುಪಂಕ್ಚರ್ ಕೊಡಬೇಕಾಗಿಲ್ಲವೆಂದೂ, ಕೈಯ ಚಿಕಿತ್ಸೆಯನ್ನು ವ್ಯಾಯಾಮದೊಡನೆ ಸೇರಿಸಿ ಮಾತ್ರ ಕೊಡಬಹುದೆಂದೂ ಹೇಳಿತು. 2021ರಲ್ಲಿ, ಬೇರೆ ರೋಗದಿಂದ ವಿವರಿಸಲಾಗದ ಬಹುಕಾಲದ ನೋವಿಗೆ ಸೂಜಿಯನ್ನು ಪರಿಗಣಿಸಬಹುದೆಂದಿತು.

ಹಣ ತೆರುವ ಮುನ್ನ ತರುಣನು ಇಷ್ಟನ್ನು ಕೇಳಬಹುದು: ನೋವಿಗೆ ಕಾರಣವೇನೆಂದು ನಿಮ್ಮ ಊಹೆ? ಎಷ್ಟು ಭೇಟಿಗಳು ಬೇಕು? ಎಷ್ಟರೊಳಗೆ ಗುಣ ಕಾಣದಿದ್ದರೆ ನಿಲ್ಲಿಸುತ್ತೀರಿ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದವನಲ್ಲಿಗೆ ಮತ್ತೆ ಹೋಗಬೇಕಾಗಿಲ್ಲ.

ಚಿಕಿತ್ಸೆಯಾದ ಮೇಲೆ ಒಂದೆರಡು ದಿನ ಮೈನೋವು, ಸೂಜಿಯ ಜಾಗದಲ್ಲಿ ಸಣ್ಣ ನೀಲಿಗಟ್ಟು, ತೂಕಡಿಕೆ ಇವು ಸಹಜ. ಆ ದಿನ ಸೈಕಲ್ ತುಳಿದು ಹೋಗುವುದಕ್ಕಿಂತ ನಡೆದು ಬರುವುದು ಒಳ್ಳೆಯದು. ಎದೆ ಭುಜಗಳ ಬಳಿ ಚುಚ್ಚಿಸಿಕೊಂಡವನಿಗೆ ಕೆಲವು ಗಂಟೆಗಳ ಮೇಲೆ ಉಸಿರು ಸಿಕ್ಕಿಕೊಂಡರೆ ಶ್ವಾಸಕೋಶದ ಪೊರೆಗೆ ತೂತಾಗಿರಬಹುದು. ಭೇಟಿಗೆ ಮೊದಲೇ ಆಗಲಿ ಆಮೇಲೆ ಆಗಲಿ, ತೊಡೆಗಳ ಸಂದಿನಲ್ಲಿ ಸ್ಪರ್ಶ ತಿಳಿಯದಂತಾದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಎರಡು ಕಾಲುಗಳೂ ಬಲಗುಂದಿದರೆ ಬೆನ್ನೆಲುಬಿನ ಕೆಳತುದಿಯ ನರಗಳ ಗೊಂಚಲು ಅದುಮಿಹೋಗುತ್ತಿದೆಯೆಂದು ಅರ್ಥ. ಆಗ ಮಂಗಳವಾರದವರೆಗೆ ಕಾಯದೆ, ಅದೇ ರಾತ್ರಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.