ಮುಟ್ಟು ನಿಂತ ಮೇಲೆ: ಬಸಿರಿನ ಸೂಚನೆಗಳು, ದೇಹದ ಬದಲಾವಣೆಗಳು

ಬೆಂಗಳೂರಿನ ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಮುಟ್ಟು ನಿಂತದ್ದನ್ನೂ ಒಗ್ಗರಣೆಯ ವಾಸನೆಗೆ ಸೊಸೆ ಮುಖ ತಿರುಗಿಸಿದ್ದನ್ನೂ ಕಂಡು ಹಿರಿಯ ಹೆಂಗಸರು ಬಸಿರನ್ನು ಊಹಿಸುತ್ತಿದ್ದರು. ಊರಿಂದ ದೂರ ಬಂದು ಬಿಟಿಎಂ ಲೇಔಟ್, ಜೆ.ಪಿ. ನಗರಗಳಲ್ಲಿ ಇಬ್ಬರೇ ನೆಲೆಸಿರುವ ದಂಪತಿಗಳಿಗೆ ಆ ಸುದ್ದಿ ಹೇಳುವುದು ಸಾಮಾನ್ಯವಾಗಿ ಮೆಡಿಕಲ್ ಶಾಪಿನಿಂದ ತಂದ ಕಿಟ್. ಎರಡರಲ್ಲಿ ಯಾವುದೂ ಸುಳ್ಳಲ್ಲ, ಆದರೆ ಯಾವುದೊಂದೂ ಪೂರ್ಣ ಪುರಾವೆಯಲ್ಲ. ಮುಟ್ಟು ತಪ್ಪುವುದು, ಓಕರಿಕೆ, ಸ್ತನಗಳ ಬಿಗುವು, ಅತಿಯಾದ ಆಯಾಸ ಇವೆಲ್ಲವೂ ಊಹೆಗೆ ಎಡೆಕೊಡುವ ಲಕ್ಷಣಗಳು ಮಾತ್ರ. ಥೈರಾಯ್ಡ್ ದೋಷ, ಪಿಸಿಒಡಿ ಅಥವಾ ಬರಿಯ ಮಾನಸಿಕ ಒತ್ತಡದಿಂದಲೂ ಮುಟ್ಟು ಮುಂದೆ ಹೋಗಬಹುದು.

ಫಲಿತಗೊಂಡ ಅಂಡವು ಸುಮಾರು ಆರರಿಂದ ಹತ್ತು ದಿನಗಳಲ್ಲಿ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ; ಆಮೇಲೆ, ಮುಂದೆ ಮಾಸು ಆಗಿ ಬೆಳೆಯುವ ಜೀವಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತವೆ. ಕಿಟ್ ಗುರುತಿಸುವುದು ಮೂತ್ರದಲ್ಲಿರುವ ಈ ಹಾರ್ಮೋನನ್ನೇ. ಬೆಳಗಿನ ಮೊದಲ ಮೂತ್ರ ಹೆಚ್ಚು ಸಾಂದ್ರವಾಗಿರುವುದರಿಂದ ಅದರ ಕೆಲವು ಹನಿಗಳನ್ನು ಹಾಕಿ, ಪೊಟ್ಟಣದ ಮೇಲೆ ಹೇಳಿರುವಷ್ಟು ನಿಮಿಷ ಕಾದರೆ, ಕಿಟ್ ಸರಿಯಿದ್ದರೆ ‘ಸಿ’ ಗುರುತಿನ ಬಳಿ ಒಂದು ಗೆರೆ ಬಂದೇ ಬರುತ್ತದೆ. ‘ಟಿ’ ಬಳಿ ಎರಡನೆಯದು ಮಸುಕಾಗಿ ಮೂಡಿದರೂ ಅದು ಬಸಿರಿನ ಸೂಚನೆಯೇ. ‘ನಿಶ್ಚಯ್’ ಹೆಸರಿನ ಸರ್ಕಾರಿ ಕಿಟ್ ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ದೊರೆಯುತ್ತದೆ. ಆದರೆ ಭ್ರೂಣ ಗರ್ಭಕೋಶದಲ್ಲಿದೆಯೋ ಅಂಡನಾಳದಲ್ಲಿ ಸಿಲುಕಿದೆಯೋ ಎಂಬುದನ್ನು ಯಾವ ಕಿಟ್ಟೂ ಹೇಳಲಾರದು. ಎರಡು ಗೆರೆ ಕಂಡ ಬಳಿಕ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ರಕ್ತಸ್ರಾವ, ತಲೆಸುತ್ತು ಬಂದರೆ ಅದು ಅಂಡನಾಳ ಒಡೆಯುವ ಅಪಾಯವಿರುವ ತುರ್ತು ಸ್ಥಿತಿ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯಬಡಿತ ಕಂಡಾಗಲಷ್ಟೇ, ಅಂದರೆ ಸಾಮಾನ್ಯವಾಗಿ ಆರು, ಏಳನೆಯ ವಾರದ ಹೊತ್ತಿಗೆ, ಬಸಿರು ಖಚಿತವೆನ್ನಬಹುದು.

ಈ ವಾರಗಳ ಲೆಕ್ಕವೇ ಅನೇಕರನ್ನು ಗೊಂದಲಕ್ಕೆ ಕೆಡಹುತ್ತದೆ. ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳನ್ನು, ಅಂದರೆ 40 ವಾರಗಳನ್ನು, ಎಣಿಸುವುದರಿಂದ ಮುಟ್ಟು ತಪ್ಪಿದ ದಿನವೇ ಬಸಿರಿಗೆ ನಾಲ್ಕು ವಾರವಾಗಿರುತ್ತದೆ. ಇದರಲ್ಲಿ ಸಂಶಯಪಡಬೇಕಾದ್ದು ಏನೂ ಇಲ್ಲ.

ಓಕರಿಕೆಯನ್ನು ಬಹುಕಾಲ ಹೆಣ್ಣಿನ ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕಿದ್ದು ಅನ್ಯಾಯವೇ ಸರಿ. 2023ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯು, ಭ್ರೂಣ ಮತ್ತು ಮಾಸಿನಿಂದ ಬರುವ ಜಿಡಿಎಫ್15 ಎಂಬ ಹಾರ್ಮೋನಿಗೆ ತಾಯಿಯ ದೇಹ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂಬುದು ಇದಕ್ಕೆ ಮುಖ್ಯ ಕಾರಣವೆಂದು ತೋರಿಸಿತು. ಹೆಚ್ಚಿನವರಿಗೆ ಇದು ನಾಲ್ಕನೆಯ ತಿಂಗಳ ಹೊತ್ತಿಗೆ ತಗ್ಗುತ್ತದೆ. ಕುಡಿದ ನೀರೂ ನಿಲ್ಲದಿದ್ದರೆ ಮಾತ್ರ ಆಸ್ಪತ್ರೆಯ ಚಿಕಿತ್ಸೆ ಬೇಕು.

ಹೊರಗೆ ಕಾಣದ, ಆದರೆ ಅತ್ಯಂತ ದೊಡ್ಡ ಬದಲಾವಣೆ ನಡೆಯುವುದು ರಕ್ತದಲ್ಲಿ. ರಕ್ತದ ಒಟ್ಟು ಪ್ರಮಾಣ ಶೇಕಡಾ 40ರಿಂದ 50ರಷ್ಟು ಏರುತ್ತದೆ. ಆದರೆ ಕೆಂಪು ರಕ್ತಕಣಗಳಿಗಿಂತ ಪ್ಲಾಸ್ಮಾ ಎಂಬ ದ್ರವಭಾಗ ಹೆಚ್ಚು ಬೆಳೆಯುವುದರಿಂದ ಹಿಮೋಗ್ಲೋಬಿನ್ ಅಂಶ ಸ್ವಲ್ಪ ಇಳಿದಂತೆ ತೋರುತ್ತದೆ. ಅದು ಡೆಸಿಲೀಟರಿಗೆ 11 ಗ್ರಾಂಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ರಕ್ತಹೀನತೆ ಎನ್ನುತ್ತಾರೆ. ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ ಕೊಡುವ ಕಬ್ಬಿಣದ ಮಾತ್ರೆಗೆ ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಒಂದು ಪ್ರೀತಿಯ ಶತ್ರುವಿದೆ: ಊಟದ ಬೆನ್ನಿಗೇ ಕುಡಿಯುವ ಫಿಲ್ಟರ್ ಕಾಫಿ. ಕಾಫಿ, ಟೀ ಎರಡೂ ಕಬ್ಬಿಣಾಂಶವನ್ನು ಕರುಳು ಹೀರದಂತೆ ತಡೆಯುವುದರಿಂದ ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆಗಳ ಅಂತರವಿರಬೇಕು. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಗೆ ನುಂಗಬಾರದು. ಮಾವಿನಕಾಯಿ, ಹುಣಸೆಹಣ್ಣಿನ ಬಯಕೆ ನಿರುಪದ್ರವಿ. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಆಸೆ ಕಬ್ಬಿಣಾಂಶದ ಕೊರತೆಯ ಸೂಚನೆಯಾಗಿರಬಹುದು, ಅದನ್ನು ಬಯಕೆಯೆಂದು ನಕ್ಕು ಬಿಡಬಾರದು.

ಸುಮಾರು 70 ಗ್ರಾಂ ತೂಗುವ ಗರ್ಭಕೋಶ ದಿನ ತುಂಬುವ ವೇಳೆಗೆ ಒಂದು ಕಿಲೋ ದಾಟುತ್ತದೆ. 20ನೆಯ ವಾರಕ್ಕೆ ಅದರ ಮೇಲಂಚು ಹೊಕ್ಕುಳ ಮುಟ್ಟುತ್ತದೆ; ಆ ಬಳಿಕ ನರ್ಸ್ ಟೇಪು ಹಿಡಿದು ಅಳೆಯುವ ಹೊಟ್ಟೆಯ ಎತ್ತರ ಹೆಚ್ಚುಕಡಿಮೆ ವಾರದ ಸಂಖ್ಯೆಯಷ್ಟೇ ಸೆಂಟಿಮೀಟರ್ ಇರುತ್ತದೆ. ಚೊಚ್ಚಲ ಬಸುರಿಗೆ ಮಗುವಿನ ಮಿಸುಕಾಟ 18ರಿಂದ 20 ವಾರಗಳಲ್ಲಿ ತಿಳಿಯುತ್ತದೆ, ಎರಡನೆಯ ಸಲ ಇನ್ನೂ ಬೇಗ. ಎದೆಯುರಿ, ಪದೇಪದೇ ಮೂತ್ರ, ಹೊಟ್ಟೆಯ ನಡುವಿನ ಕಪ್ಪು ಗೆರೆ, ಸಂಜೆಯ ಹೊತ್ತಿಗೆ ಪಾದಗಳ ಊತ ಇವೆಲ್ಲ ಸಹಜ.

ಜಯನಗರದ ಸಾರ್ವಜನಿಕ ಆಸ್ಪತ್ರೆಯಂಥ ಸರ್ಕಾರಿ ಕೇಂದ್ರಗಳಲ್ಲಿ ತಾಯಿ ಕಾರ್ಡ್ ಮಾಡಿಸಿದರೆ ತೂಕ, ರಕ್ತದೊತ್ತಡ, ರಕ್ತಪರೀಕ್ಷೆಗಳ ದಾಖಲೆ ಒಂದೆಡೆ ಉಳಿಯುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಾಲ್ಕನೆಯ ತಿಂಗಳಿನಿಂದ ಪ್ರತಿ ತಿಂಗಳ 9ರಂದು ಉಚಿತ ತಪಾಸಣೆಯಿದೆ. ಆದರೆ ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ದಿಢೀರ್ ಊತ, ಮಗುವಿನ ಚಲನೆ ಕುಗ್ಗುವುದು ಇವುಗಳಲ್ಲಿ ಒಂದು ಕಂಡರೂ 9ನೆಯ ತಾರೀಖಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದವರು 108ಕ್ಕೆ ಕರೆ ಮಾಡಬೇಕು.