ಶ್ರೋತೃಭೇದವೂ ಅಭಿಪ್ರಾಯಭೇದವೂ: ‘ಈಜಿಪ್ಟ್’ ಎಂಬ ಸೆನೆಗಲ್ ಗೀತಸಂಪುಟದ ವಿಚಾರ

ಒಂದೇ ಕೃತಿಯನ್ನು ಕೇಳಿದ ಇಬ್ಬರು ಪರಸ್ಪರ ವಿರುದ್ಧವಾದ ಅಭಿಪ್ರಾಯಗಳನ್ನು ತಳೆದಾಗ ಅವರಲ್ಲೊಬ್ಬನನ್ನು ಅರಸಿಕನೆಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಅವರು ಕೇಳಿದುದು ವಸ್ತುತಃ ಒಂದನ್ನೇಯೋ ಎಂಬುದನ್ನು ಮೊದಲು ವಿಚಾರಿಸತಕ್ಕುದು. ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದ ಜನಪ್ರಿಯ ಗಾಯಕನಾದ ಯೂಸು ಎನ್‌ಡೂರ್ ಎಂಬಾತನ ‘ಈಜಿಪ್ಟ್’ ಎಂಬ ಗೀತಸಂಪುಟವು 2004ರಲ್ಲಿ ಪ್ರಕಟವಾದಾಗ ಶ್ರೋತೃವರ್ಗದಲ್ಲಿ ಉಂಟಾದ ಭಿನ್ನಾಭಿಪ್ರಾಯವು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ. ಸ್ವದೇಶೀಯರಲ್ಲಿ ಅನೇಕರು ಅದನ್ನು ಅಪಚಾರವೆಂದು ದೂರಿದರು. ಯುರೋಪು ಅಮೆರಿಕಗಳ ಶ್ರೋತೃಗಳು ಮುಕ್ತಕಂಠದಿಂದ ಹೊಗಳಿದರು. 2005ರಲ್ಲಿ ಅದಕ್ಕೆ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯು ದೊರೆತಮೇಲೆ ಸ್ವದೇಶದ ಅಭಿಪ್ರಾಯವೂ ಹೊರಳಿತು.

ಈ ಗಾಯಕನು ಡಕಾರ್ ನಗರದಲ್ಲಿ 1959ರಲ್ಲಿ ಹುಟ್ಟಿದವನು. ಈತನ ಮಾತೃವಂಶವು ಗ್ರಿಯೋಗಳ ವಂಶ. ರಾಜರ ಮತ್ತು ಕುಲೀನರ ವಂಶಾವಳಿಯನ್ನು ನೆನಪಿನಲ್ಲಿಟ್ಟು, ಸಂದರ್ಭ ಬಂದಾಗ ಸ್ತುತಿಪಾಠ ಮಾಡುವುದು ಆ ಜನರಿಗೆ ಪರಂಪರೆಯಿಂದ ಬಂದ ವೃತ್ತಿ. ನಮ್ಮ ವಂದಿಮಾಗಧರ ನೆನಪು ಬಾರದಿರದು. ಸಬರ್ ಎಂಬ ಮದ್ದಳೆಗಳನ್ನೂ ಕಂಕುಳಲ್ಲಿ ಅದುಮಿ ಬಾರಿಸುವ ತಮಾ ಎಂಬ ಚರ್ಮವಾದ್ಯವನ್ನೂ ಪಾಶ್ಚಾತ್ಯ ವಾದ್ಯಗಳೊಡನೆ ಕೂಡಿಸಿದ ‘ಎಂಬಲಖ್’ ಎಂಬ ನೃತ್ಯಗೀತಪದ್ಧತಿಯನ್ನು ಲೋಕವಿಖ್ಯಾತವಾಗಿಸಿದವರಲ್ಲಿ ಈತನೇ ಅಗ್ರಗಣ್ಯನು. ಡಕಾರಿನಲ್ಲಿ ತಿಯೊಸಾನ್ ಎಂಬ ಈತನ ನರ್ತನಶಾಲೆಯೂ ಪ್ರಸಿದ್ಧವಾದುದೇ. ಊರಿನ ಪೇಟೆಗೆ ಭರದ ತಾಳದ ಕ್ಯಾಸೆಟ್ಟುಗಳು, ಹೊರನಾಡಿಗೆ ಸ್ವಲ್ಪ ಸೌಮ್ಯವಾದ ಮುದ್ರಿಕೆಗಳು ಎಂಬಂತೆ ಈತನು ಬಹುಕಾಲ ಎರಡು ಬಗೆಯ ಶ್ರೋತೃಗಳನ್ನು ಬೇರೆಬೇರೆಯಾಗಿಯೇ ತೃಪ್ತಿಪಡಿಸುತ್ತ ಬಂದಿದ್ದನು. ‘ಈಜಿಪ್ಟ್’ ಸಂಪುಟದಲ್ಲಾದರೋ ಇಬ್ಬರ ಮುಂದೆಯೂ ಒಂದೇ ಪಾತ್ರೆಯನ್ನಿಟ್ಟನು.

ಆ ಪಾತ್ರೆಯಲ್ಲಿದ್ದುದೇನು? ಹಾಡುಗಳ ವಸ್ತು ಭಗವಂತನ ಮತ್ತು ಸೆನೆಗಲ್ಲಿನ ಸೂಫಿ ಗುರುಗಳ ಸ್ತುತಿ. ಭಾಷೆ ಬಹುತೇಕ ವೊಲೋಫ್. ವಾದ್ಯಮೇಳವು ಕೈರೋ ನಗರದ ಫತಹಿ ಸಲಾಮಾ ಎಂಬ ಸಂಗೀತಕಾರನದು. ಊದ್, ನೇ ಮೊದಲಾದ ಅರಬ್ಬೀ ವಾದ್ಯಗಳ ಜೊತೆಗೆ ಆಫ್ರಿಕದ ಕೋರಾ ತಂತಿವಾದ್ಯವೂ ಸೇರಿದೆ. ಬಾಲ್ಯದಲ್ಲಿ ಮನೆಯ ರೇಡಿಯೋದಿಂದ ಕೇಳಿಬರುತ್ತಿದ್ದ ಈಜಿಪ್ಟಿನ ಗಾಯಕಿ ಉಮ್ ಕುಲ್ಸುಮಳ ಕಂಠವು ಈ ಕಲ್ಪನೆಗೆ ಬೀಜವೆಂದು ಗಾಯಕನೇ ಹೇಳಿರುವನು. ಕುಣಿತದ ತಾಳಕ್ಕೆ ಇಲ್ಲಿ ಪ್ರಾಧಾನ್ಯವಿಲ್ಲ. ಮುದ್ರಣವು ಮೊದಲೇ ಮುಗಿದಿದ್ದರೂ 2001ರ ಸೆಪ್ಟೆಂಬರಿನ ಘಟನೆಗಳ ತರುವಾಯ ಇಸ್ಲಾಂ ಧರ್ಮದ ಹೆಸರೇ ವಿವಾದಾಸ್ಪದವಾಗಿದ್ದುದರಿಂದ ಗಾಯಕನು ಪ್ರಕಟಣೆಯನ್ನು ಮುಂದಕ್ಕೆ ಹಾಕಿದ್ದನು.

ಸೆನೆಗಲ್ಲಿನ ಆಕ್ಷೇಪವನ್ನು ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗುರುಸ್ತುತಿಯನ್ನು ಹಾಡುವುದೇ ನಿಷಿದ್ಧವೆಂದು ಆ ಆಕ್ಷೇಪಕ್ಕೆ ಅರ್ಥವಿರಲಾರದು. ಏಕೆಂದರೆ ಮುರೀದ್ ಪಂಥದ ಸ್ಥಾಪಕನೂ, ಫ್ರೆಂಚ್ ಸರಕಾರದಿಂದ 1895ರಲ್ಲಿ ಗಾಬೋನಿಗೆ ಗಡೀಪಾರಾದವನೂ ಆದ ಅಹ್ಮದು ಬಾಂಬಾನ ಅರಬ್ಬೀ ಸ್ತೋತ್ರಗಳನ್ನು ತೂಬಾ ಕ್ಷೇತ್ರದಲ್ಲಿ ಶಿಷ್ಯರು ಗುಂಪುಗೂಡಿ ಹಾಡುವುದುಂಟು. ನೃತ್ಯಗೀತಗಳಲ್ಲಿಯೂ ಬಾಂಬಾನ ನಾಮವು ಹಿಂದೆಯೇ ಸುಳಿದಿದೆ. ಹಾಗಾದರೆ ದೋಷವೆಲ್ಲಿ ತೋರಿತು? ಕ್ಷೇಮೇಂದ್ರನು ಔಚಿತ್ಯದ ಸ್ಥಾನಗಳನ್ನು ಎಣಿಸುವಾಗ ದೇಶ, ಕುಲ, ನಾಮ ಎಂಬಿವನ್ನೂ ಸೇರಿಸಿರುವುದು ವಿದ್ವಾಂಸರಿಗೆ ತಿಳಿದದ್ದೇ. ನರ್ತನಶಾಲೆಯಲ್ಲಿ ರಾತ್ರಿಯೆಲ್ಲ ಕೇಳಿದ ಕಂಠ, ಪೇಟೆಯಲ್ಲಿ ಹಣಕ್ಕೆ ಬಿಕರಿಯಾಗುವ ಮುದ್ರಿಕೆ, ಅದರಲ್ಲಿ ಪವಿತ್ರನಾಮ. ಈ ಮೂರರ ಸೇರಿಕೆಯೇ ಅವರಿಗೆ ಅನುಚಿತವಾಗಿ ಕಂಡಿತು. ಪದಾರ್ಥವನ್ನು ಬಲ್ಲ ಶ್ರೋತೃಗಳಿಗೆ ಮಾತ್ರ ಹುಟ್ಟಬಲ್ಲ ಆಕ್ಷೇಪವಿದು.

ಆದರೂ ಅದು ಪೂರ್ಣವಾದ ಶ್ರವಣವೆನ್ನಲಾಗದು. ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿರುವನು. ತನ್ನದು, ಪರರದು ಎಂಬ ಕಟ್ಟಿಗೆ ಸಿಕ್ಕಿ ಒಂದು ದೇಶಕಾಲದಲ್ಲಿಯೇ ಮನಸ್ಸು ನೆಟ್ಟುಹೋಗುವುದು ಅವುಗಳಲ್ಲೊಂದು. ಡಕಾರಿನ ಶ್ರೋತೃವಿಗೆ ಹಾಡುವವನು ‘ನಮ್ಮ ಯೂಸು’ ಎಂಬ ಜ್ಞಾನವು ಬಿಡಲೊಲ್ಲದು. ಹಾಡಿನೊಳಗಿನ ಭಕ್ತನು ಅವನಿಗೆ ಕಾಣಿಸಲೇ ಇಲ್ಲ.

ಹೊರನಾಡಿನ ಶ್ರೋತೃವಿಗೆ ಈ ವಿಘ್ನವಿಲ್ಲ; ಬೇರೊಂದಿದೆ. ಪ್ರತೀತಿಯ ಉಪಾಯವೇ ಕೊರೆಯಾಗಿರುವುದನ್ನೂ ಆಚಾರ್ಯನು ವಿಘ್ನವೆಂದೇ ಎಣಿಸಿದ್ದಾನೆ. ವೊಲೋಫ್ ಅರಿಯದವನಿಗೆ ಕಂಠದ ಎತ್ತರ, ತಂತಿಗಳ ಮಾಧುರ್ಯ, ಆರ್ತತೆಯ ಛಾಯೆ ಇಷ್ಟು ದೊರೆಯುತ್ತವೆ. ತಿಜಾನಿಯ್ಯಾ ಎಂದರೆ ಒಂದು ಸೂಫಿ ಪಂಥವೆಂಬುದು ಹಾಡಿನಿಂದ ತಿಳಿಯುವುದಿಲ್ಲ. ಮೇಲಾಗಿ ಆ ಕಾಲದ ಪ್ರಶಂಸೆಯಲ್ಲಿ ‘ಇದು ಶಾಂತಿಯ ಇಸ್ಲಾಂ’ ಎಂಬ ಸಮಾಧಾನವೂ ಬೆರೆತಿತ್ತು. ಇರಾಕ್ ಯುದ್ಧವನ್ನು ಪ್ರತಿಭಟಿಸಿ 2003ರಲ್ಲಿ ಅಮೆರಿಕದ ಗಾನಪ್ರವಾಸವನ್ನೇ ರದ್ದುಪಡಿಸಿದ ಗಾಯಕನ ಸಂಪುಟವನ್ನು ಅದೇ ದೇಶವು ಪುರಸ್ಕರಿಸಿದುದು ಶ್ಲಾಘ್ಯವೇ. ಆದರೆ ಸಮಾಧಾನವು ರಸವಲ್ಲ.

ಇನ್ನು ಪ್ರಶಸ್ತಿಯ ಅನಂತರದ ಮಾತು. ಸ್ವದೇಶದಲ್ಲಿ ಗಾಯಕನಿಗೆ ಸನ್ಮಾನಗಳಾದುವು. 2008ರ ಸಾಕ್ಷ್ಯಚಿತ್ರವೊಂದರಲ್ಲಿ ಈ ಪರಿವರ್ತನೆಯೆಲ್ಲ ನಿರೂಪಿತವಾಗಿದೆ. ಹಾಡಿನ ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾದುದು ಕೀರ್ತಿ. ಮೂರು ಅಭಿಪ್ರಾಯಗಳಲ್ಲಿ ವಿಮರ್ಶೆಯೆಂಬ ಹೆಸರಿಗೆ ಅತ್ಯಲ್ಪವಾಗಿ ತಕ್ಕುದು ಈ ಮೂರನೆಯದೇ. ಮೊದಲು ಬೈದವರು ಹಾಡನ್ನು ಅರ್ಧ ಕೇಳಿದ್ದರು, ಹೊರಗಿನವರು ಇನ್ನರ್ಧ ಕೇಳಿದ್ದರು. ಪ್ರಶಸ್ತಿಯ ಕಾರಣದಿಂದಲೇ ಮನಸ್ಸು ತಿರುಗಿದವರಾದರೋ ಕೇಳಿದುದು ಸುದ್ದಿಯನ್ನು.

ಗಾಯಕನು ತಾನು ಮುರೀದ್ ಪಂಥದವನಾಗಿದ್ದೂ ತಿಜಾನಿಯ್ಯಾ ಪಂಥವನ್ನೂ, ಆ ಪಂಥದ ನಿಯಾಸ್ ಗುರುವನ್ನೂ, ಲಾಯೇನ್ ಪಂಥದ ಗುರುವನ್ನೂ ಒಂದೇ ಸಂಪುಟದಲ್ಲಿ ಹಾಡಿರುವುದು ವಿಶೇಷವಾಗಿ ಗಮನಾರ್ಹ. ಇದರ ಔದಾರ್ಯವನ್ನು ಅಳೆಯಲು ಪಂಥಗಳ ತಾರತಮ್ಯವೂ ತಿಳಿದಿರಬೇಕು, ಅರಬ್ಬೀ ಮೇಳದ ಗತಿಯೂ ತಿಳಿದಿರಬೇಕು. ಕೈರೋದ ಅಲ್ ಅಜ್ಹರ್ ವಿದ್ಯಾಪೀಠದಲ್ಲಿ ಓದಿಬಂದ ಸೆನೆಗಲ್ಲಿನವರು ಅನೇಕರಿದ್ದಾರೆ. ಎರಡು ಕಿವಿಗಳೂ ತೆರೆದಿರುವ ಅಂಥವರ ಅಭಿಪ್ರಾಯಗಳೇ ಈ ವಿಷಯದಲ್ಲಿ ಮುಖ್ಯವಾಗಿ ಸಂಗ್ರಾಹ್ಯವಾದುವು.