ಸ್ಕ್ಯಾನಿಂಗ್ ಇಂಜೆಕ್ಷನ್: ಹೆದರುವುದು ಬೇಡ, ಕೇಳಿ ತಿಳಿಯೋಣ



"ಸಿಸ್ಟರ್, ಎಂ.ಆರ್.ಐ. ಮಾಡುವಾಗ ಕೊಡುವ ಇಂಜೆಕ್ಷನ್‌ನಿಂದ ಕಿಡ್ನಿಯವರಿಗೆ ತೊಂದರೆ ಆಗ್ತದಂತೆ, ಹೌದಾ?" ಎಂದು ಸಂಘದ ಸಭೆಗಳಲ್ಲಿ ನಮ್ಮನ್ನು ಕೇಳುವವರಿದ್ದಾರೆ. ಹೆದರಿ ಸ್ಕ್ಯಾನಿಂಗೇ ಬೇಡ ಅನ್ನುವುದೂ ಸರಿಯಲ್ಲ, ಏನೂ ಕೇಳದೆ ಕೈ ಚಾಚುವುದೂ ಸರಿಯಲ್ಲ.

ಇಂಜೆಕ್ಷನ್ ಯಾಕೆ?

ಎಲ್ಲ ಸ್ಕ್ಯಾನಿಂಗ್‌ಗೂ ಇದು ಬೇಕಿಲ್ಲ. ಗಡ್ಡೆ, ರಕ್ತನಾಳದ ತೊಂದರೆ ಸ್ಪಷ್ಟವಾಗಿ ಕಾಣಲಿ ಎಂದು ಕೆಲವೊಮ್ಮೆ 'ಕಾಂಟ್ರಾಸ್ಟ್' ಔಷಧಿ ಕೊಡುತ್ತಾರೆ. ಎಂ.ಆರ್.ಐ.ಗೆ ಸಾಮಾನ್ಯವಾಗಿ ಬಳಸುವುದು ಗ್ಯಾಡೋಲಿನಿಯಂ ಎಂಬ ಲೋಹ. ಬಿಡಿಯಾಗಿದ್ದರೆ ಇದು ವಿಷ. ಅದಕ್ಕೇ ಇನ್ನೊಂದು ರಾಸಾಯನಿಕದೊಳಗೆ ಕಟ್ಟಿಟ್ಟು ಕೊಡುತ್ತಾರೆ. ಒಳ್ಳೆಯ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ.

ತೊಂದರೆ ಯಾರಿಗೆ?

ಕಿಡ್ನಿ ತೀರಾ ಸೋತವರಲ್ಲಿ ಔಷಧಿ ಬಹಳ ಹೊತ್ತು ಒಳಗೇ ಉಳಿಯುತ್ತದೆ. ಆಗ ಕಟ್ಟು ಸಡಿಲವಾಗಿ ಲೋಹ ಬಿಡಿಯಾಗಬಹುದು. ಇಂಥ ಕೆಲವರಿಗೆ ಚರ್ಮ ಗಟ್ಟಿಯಾಗಿ ಕೈಕಾಲು ಮಡಚಲಾಗದ ಕಾಯಿಲೆ ಬಂತು. ಅದಕ್ಕೂ ಈ ಲೋಹಕ್ಕೂ ಸಂಬಂಧವಿದೆ ಎಂದು 2006ರಲ್ಲಿ ಗೊತ್ತಾಯಿತು. ಮೆದುಳಿನಲ್ಲೂ ಸ್ವಲ್ಪ ಉಳಿಯುತ್ತದೆಂದು ಕಂಡಾಗ, 2017ರಲ್ಲಿ ಯುರೋಪಿನಲ್ಲಿ ಸಡಿಲ ಕಟ್ಟಿನ ಕೆಲವು ಔಷಧಿಗಳನ್ನು ತಡೆದರು. ಪಂಜರದಂತೆ ಬಿಗಿಯಾಗಿ ಹಿಡಿಯುವ ಔಷಧಿಗಳಲ್ಲಿ ಅಪಾಯ ಬಹಳ ಕಡಿಮೆ.

ಕಬ್ಬಿಣದ ಸೂಕ್ಷ್ಮ ಕಣ

ರಕ್ತಹೀನತೆಗೆ ನಾವು ನುಂಗುವ ಮಾತ್ರೆಯಲ್ಲಿ ಕಬ್ಬಿಣವಿದೆ. ಅದು ದೇಹಕ್ಕೆ ಪರಿಚಯದ ವಸ್ತು. ಅದರಿಂದಲೇ ಕಾಂಟ್ರಾಸ್ಟ್ ಮಾಡಬಹುದಲ್ಲವೇ? ಹಿಂದಿನ ಕಬ್ಬಿಣದ ಕಣಗಳು ದೊಡ್ಡವು. ಲಿವರ್‌ನಲ್ಲಿ ಸೇರಿಕೊಳ್ಳುತ್ತಿದ್ದವು, ಅವು ಸೇರಿದ ಜಾಗ ಚಿತ್ರದಲ್ಲಿ ಕಪ್ಪಾಗುತ್ತಿತ್ತು. 2017ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಮೌಂಗಿ ಬಾವೆಂಡಿಯವರ ತಂಡ ಸುಮಾರು 3 ನ್ಯಾನೋಮೀಟರ್ ಗಾತ್ರದ ಕಬ್ಬಿಣದ ಕಣಕ್ಕೆ ತೆಳು ಹೊದಿಕೆ ಕೊಟ್ಟಿತು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್. ಜರಡಿಯಲ್ಲಿ ನುಣ್ಣನೆ ಹಿಟ್ಟು ಇಳಿದು ತರಿ ಮೇಲೆ ಉಳಿಯುವ ಹಾಗೆ, ಇಷ್ಟು ಸಣ್ಣ ಕಣ ಕಿಡ್ನಿಯ ಜರಡಿಯಲ್ಲಿ ಇಳಿದುಹೋಗುತ್ತದೆ. ಇಲಿಗಳಲ್ಲಿ ಇದು ಮೂತ್ರದಲ್ಲಿ ಹೊರಬಂತು, ಚಿತ್ರವೂ ಬೆಳ್ಳಗೆ ಬಂತು.

ಆದರೆ ಇಲಿಗೆ ಒಗ್ಗಿದ್ದೆಲ್ಲ ಮನುಷ್ಯರಿಗೆ ಒಗ್ಗುತ್ತದೆ ಎನ್ನಲಾಗದು. ರಕ್ತಹೀನತೆಗೆ ರಕ್ತನಾಳದ ಮೂಲಕ ಕೊಡುವ ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ಔಷಧಿಯಿಂದ ಕೆಲವರಿಗೆ ಜೀವಕ್ಕೇ ಅಪಾಯವಾಗುವ ಅಲರ್ಜಿ ಆದದ್ದರಿಂದ, 2015ರಲ್ಲಿ ಅಮೆರಿಕದಲ್ಲಿ ಕಠಿಣ ಎಚ್ಚರಿಕೆ ಕೊಡಲಾಯಿತು.

ನಾವು ಮಾಡಬೇಕಾದದ್ದು

1. ಸಕ್ಕರೆ ಕಾಯಿಲೆ, ಬಿ.ಪಿ., ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಕ್ರಿಯಾಟಿನಿನ್ ರಕ್ತಪರೀಕ್ಷೆ ಬೇಕೇ ಎಂದು ಕೇಳಿ.
2. ಗರ್ಭಿಣಿಯಾಗಿದ್ದರೆ, ಹಿಂದೆ ಇಂಜೆಕ್ಷನ್‌ನಿಂದ ಅಲರ್ಜಿ ಆಗಿದ್ದರೆ ಮುಚ್ಚಿಡಬೇಡಿ.
3. ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗೆ ಒಯ್ಯಿರಿ.
4. "ಡಾಕ್ಟ್ರೇ, ಇಂಜೆಕ್ಷನ್ ಬೇಕೇಬೇಕಾ? ಯಾವುದು ಕೊಡ್ತೀರಿ?" ಎಂದು ಧೈರ್ಯವಾಗಿ ಕೇಳಿ.

ಕೇಳುವುದು ಅಗೌರವವಲ್ಲ, ನಮ್ಮ ಹಕ್ಕು. ಓದಲು ಬಾರದ ಸಹೋದರಿಯರಿಗೆ ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ.